ಹೇಲ್-ಬಾಪ್ ಈಗ ಎಲ್ಲಿದೆ?

1997ರ ಏಪ್ರಿಲ್ ತಿಂಗಳ ಸಂಜೆಗಳಲ್ಲಿ ನೀವು ಆಕಾಶ ನೋಡಿದ್ದಿರಾ? ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಅನ್ವಯಿಸದು. ಅವರಾಗ ಹುಟ್ಟೇ ಇರಲಿಲ್ಲ. ಅಪ್ಪನನ್ನೋ ಅಮ್ಮನನ್ನೋ ಕೇಳಬೇಕು. ಸೂರ್ಯ ಮುಳುಗಿ ಕತ್ತಲು ಕವಿಯುತ್ತಿದ್ದಂತೆ ವಾಯವ್ಯ ದಿಕ್ಕಿನಲ್ಲಿ ಬಾಲ ಮೇಲಕ್ಕೆ ಚಾಚಿದ ಧೂಮಕೇತುವೊಂದು ಬರಿಗಣ್ಣಿಗೇ ಕಾಣುತ್ತಿತ್ತು. ದುರ್ಬೀನು ಬೇಕಿರಲಿಲ್ಲ, ಊರಾಚೆ ಹೋಗಬೇಕಾಗಿಯೂ ಇರಲಿಲ್ಲ. ಅದೇ ಹೇಲ್-ಬಾಪ್.

ಅದೀಗ ಎಲ್ಲಿದೆ? ಕರಗಿ ಮಾಯವಾಗಿಲ್ಲ. ಭೂಮಿ ಮತ್ತು ಸೂರ್ಯರ ನಡುವಣ ಸುಮಾರು 15 ಕೋಟಿ ಕಿಲೊಮೀಟರ್ ದೂರವನ್ನು ಒಂದು ಖಗೋಳಮಾನ ಎನ್ನುತ್ತಾರೆ. ನೆಪ್ಚೂನ್ ಇರುವುದು 30 ಖಗೋಳಮಾನದಲ್ಲಿ. ಹೇಲ್-ಬಾಪ್ ಅದನ್ನೂ ದಾಟಿ 45 ಖಗೋಳಮಾನಕ್ಕಿಂತ ಆಚೆ ಹೋಗಿದೆ, ಇನ್ನೂ ಹೋಗುತ್ತಿದೆ. ಇಂದು ರಾತ್ರಿ ಅದು ಆಕಾಶದ ಯಾವ ಮೂಲೆಯಲ್ಲಿದೆ ಎಂದು ಖಗೋಳ ವಿಜ್ಞಾನಿಗಳು ನಿಖರವಾಗಿ ಹೇಳಬಲ್ಲರು. ಆದರೆ ಧೂಮಕೇತುವೊಂದು ಬರುವ ವರ್ಷ ಎಷ್ಟು ಹೊಳೆದೀತು ಎಂದು ಕೇಳಿದರೆ ಅದೇ ವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಾರೆ. ಇದೇಕೆ ಹೀಗೆ?

ಕಥೆ ಶುರುವಾಗುವುದು 1995ರ ಜುಲೈ 23ರ ರಾತ್ರಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಲನ್ ಹೇಲ್ ತಮ್ಮ ಮನೆಯ ಬಳಿ ಪರಿಚಿತ ಧೂಮಕೇತುಗಳ ಹೊಳಪನ್ನು ಅಳೆಯುತ್ತಿದ್ದರು. ಒಂದನ್ನು ನೋಡಿ ಮುಗಿದಿತ್ತು, ಇನ್ನೊಂದು ಮೇಲೇರಲು ಸಮಯವಿತ್ತು. ಹೊತ್ತು ಕಳೆಯಲೆಂದು ಧನು ರಾಶಿಯ ಎಂ-70 ಎಂಬ ತಾರಾಗುಚ್ಛದತ್ತ ದೂರದರ್ಶಕ ತಿರುಗಿಸಿದರು. ಪಕ್ಕದಲ್ಲಿ ಹಿಂದೆಂದೂ ಇರದಿದ್ದ ಒಂದು ಮಬ್ಬು ಚುಕ್ಕೆ! ಅದೇ ರಾತ್ರಿ ಅರಿಜೋನಾದಲ್ಲಿ ಥಾಮಸ್ ಬಾಪ್ ಕೂಡ ಅದನ್ನು ಕಂಡರು. ಬಾಪ್ ಬಳಿ ಸ್ವಂತ ದೂರದರ್ಶಕವೇ ಇರಲಿಲ್ಲ; ಅವರು ನೋಡುತ್ತಿದ್ದುದು ಗೆಳೆಯನದರಲ್ಲಿ. ಹೇಲ್ ಇ-ಮೇಲ್ ಕಳಿಸಿದರೆ ಬಾಪ್ ಹಳೆಯ ಕ್ರಮದಂತೆ ಟೆಲಿಗ್ರಾಂ ಕೊಟ್ಟರು. ಟೆಲಿಗ್ರಾಂ ತಡವಾಗಿಯೇ ತಲುಪಿತು. ಆದರೂ ಹೆಸರಿನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಇನ್ನು ದಾರಿ ಕಂಡುಹಿಡಿಯುವ ಕೆಲಸ. ಒಂದು ಫೋಟೊ ತೆಗೆದರೆ ಧೂಮಕೇತು ಯಾವ ದಿಕ್ಕಿನಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಎಷ್ಟು ದೂರದಲ್ಲಿದೆ ಎಂಬುದು ತಿಳಿಯದು. ಸುತ್ತಲಿನ ನಕ್ಷತ್ರಗಳ ಸ್ಥಾನ ಪಟ್ಟಿಗಳಲ್ಲಿ ಮೊದಲೇ ಇರುತ್ತದೆ. ಅವನ್ನು ಮೈಲಿಗಲ್ಲುಗಳಂತೆ ಬಳಸಿ ಚುಕ್ಕೆಯ ಸ್ಥಾನವನ್ನು ಅಳೆಯುತ್ತಾರೆ. ಬೇರೆ ಬೇರೆ ರಾತ್ರಿಗಳ ಇಂಥ ಮೂರು ಅಳತೆ ಸಿಕ್ಕರೆ ಕಕ್ಷೆಯ ಮೊದಲ ಅಂದಾಜು ಸಾಧ್ಯ. 1801ರಲ್ಲಿ ಸೂರ್ಯನ ಪ್ರಭೆಯಲ್ಲಿ ಕಳೆದುಹೋಗಿದ್ದ ಸೆರೆಸ್ ಎಂಬ ಕ್ಷುದ್ರಗ್ರಹ ಮತ್ತೆ ಎಲ್ಲಿ ಕಾಣಿಸೀತೆಂದು 24ರ ಯುವಕ ಗೌಸ್ ಲೆಕ್ಕ ಹಾಕಿ ಹೇಳಿದ್ದು ಹೀಗೆಯೇ. ಆ ವರ್ಷದ ಕೊನೆಗೆ ಅದು ಸಿಕ್ಕಿತು ಕೂಡ. ಗಣಿತವೆಂದರೆ ಮುಖ ಸಿಂಡರಿಸುವ ಹುಡುಗರಿಗೆ ಈ ಪ್ರಸಂಗ ಹೇಳಬೇಕು.

ಆದರೆ ದೂರದ ಧೂಮಕೇತು ಆಕಾಶದಲ್ಲಿ ಆಮೆಯಂತೆ ತೆವಳುತ್ತದೆ. ಕೆಲವೇ ದಿನಗಳಲ್ಲಿ ಅದು ಕ್ರಮಿಸುವ ಪುಟ್ಟ ತುಣುಕಿನಿಂದ ಇಡೀ ಕಕ್ಷೆಯನ್ನು ಊಹಿಸುವುದೆಂದರೆ ಬಳೆಚೂರು ನೋಡಿ ಬಳೆಯ ಅಳತೆ ಹೇಳಿದಂತೆ. ಚೂರು ದೊಡ್ಡದಿದ್ದಷ್ಟೂ ಲೆಕ್ಕ ಗಟ್ಟಿ. ಹೇಲ್-ಬಾಪ್ ವಿಷಯದಲ್ಲಿ ಅದೃಷ್ಟ ಕೈಹಿಡಿಯಿತು. ಆಸ್ಟ್ರೇಲಿಯಾದಲ್ಲಿ 1993ರ ಏಪ್ರಿಲ್‌ನಲ್ಲಿ ತೆಗೆದಿದ್ದ ಹಳೆಯ ಛಾಯಾಚಿತ್ರವೊಂದರಲ್ಲಿ ರಾಬರ್ಟ್ ಮೆಕ್‌ನಾಟ್ ಅದೇ ಧೂಮಕೇತುವನ್ನು ಪತ್ತೆ ಹಚ್ಚಿದರು. ಆಗ ಅದು 13 ಖಗೋಳಮಾನ ದೂರದಲ್ಲಿತ್ತು. ಯಾರೂ ಗಮನಿಸದೆ ಬಿದ್ದಿದ್ದ ಆ ಒಂದು ಚುಕ್ಕೆಯಿಂದ ಎರಡು ವರ್ಷಕ್ಕೂ ಮಿಕ್ಕಿದ ದಾರಿ ಒಮ್ಮೆಗೇ ದಕ್ಕಿತು. 1997ರ ಏಪ್ರಿಲ್ 1ರಂದು ಅದು ಸೂರ್ಯನಿಗೆ ಅತಿ ಸಮೀಪ ಬಂತು, ಸುಮಾರು 13.7 ಕೋಟಿ ಕಿಲೊಮೀಟರ್ ದೂರಕ್ಕೆ.

ದಾರಿಯಲ್ಲಿ ಗುರುಗ್ರಹದ ಕೈವಾಡವೂ ಇತ್ತೆನ್ನಿ. 1996ರ ಏಪ್ರಿಲ್‌ನಲ್ಲಿ ಅದು ಗುರುವಿನಿಂದ 0.77 ಖಗೋಳಮಾನದಷ್ಟು ದೂರದಲ್ಲಿ ಹಾದುಹೋಯಿತು. ಆ ಸೆಳೆತಕ್ಕೆ ಸಿಕ್ಕಿ, ಸುಮಾರು 4,200 ವರ್ಷವಿದ್ದ ಅದರ ಸುತ್ತಿನ ಅವಧಿ ಸುಮಾರು 2,500 ವರ್ಷಕ್ಕೆ ಇಳಿಯಿತು. ಈ ಎಳೆದಾಟವನ್ನೂ ಲೆಕ್ಕಕ್ಕೆ ಹಿಡಿಯಲು ಬರುತ್ತದೆ; ನ್ಯೂಟನ್ನನ ನಿಯಮಕ್ಕೆ ಗುರುವೂ ಬದ್ಧ, ಧೂಮಕೇತುವೂ ಬದ್ಧ.

ಹೊಳಪು ಮಾತ್ರ ಹೀಗೆ ಹೇಳಿದ ಮಾತು ಕೇಳುವುದಿಲ್ಲ. ಬರಿಯ ಬಂಡೆಯಾದರೆ ಸೂರ್ಯನ ದೂರ ಅರ್ಧವಾದಾಗ ನಾಲ್ಕು ಪಟ್ಟು ಬೆಳಗಬೇಕು. ಧೂಮಕೇತು ಬಂಡೆಯಲ್ಲ, ದೂಳು ಬೆರೆತ ಮಂಜುಗಡ್ಡೆ. ಬಿಸಿ ತಾಗಿದಂತೆ ಅನಿಲ, ದೂಳು ಹೊಮ್ಮಿ ತಲೆಯೂ ಬಾಲವೂ ಬೆಳೆಯುತ್ತವೆ. ಹಾಗಾಗಿ ದೂರ ಅರ್ಧವಾದರೆ ಹೊಳಪು 16 ಪಟ್ಟು ಏರುತ್ತದೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಇದು ಅನುಭವದ ಸೂತ್ರ, ನಿಯಮವಲ್ಲ. ಒಳಗೆ ಯಾವ ಹಿಮ ಎಷ್ಟಿದೆ, ಮೇಲಿನ ಹೊದಿಕೆ ಎಲ್ಲಿ ಬಿರಿದೀತು ಎಂದು ಹೇಳುವವರು ಯಾರು? 1973ರಲ್ಲಿ ಕೊಹೌಟೆಕ್ ಧೂಮಕೇತುವನ್ನು ದೂರದಲ್ಲೇ ಕಂಡು ಅದನ್ನು ಶತಮಾನದ ಧೂಮಕೇತು ಎಂದು ಜಗತ್ತಿಗೆಲ್ಲ ಸಾರಿದರು. ಅದು ದಿನಕ್ಕೆ ತಕ್ಕಂತೆ ಬಂತು, ಹೇಳಿದ ದಾರಿಯಲ್ಲೇ ಸಾಗಿತು, ಆದರೆ ನಿರೀಕ್ಷೆಯಷ್ಟು ಬೆಳಗಲೇ ಇಲ್ಲ. ದೂರದಲ್ಲೇ ಸುಲಭವಾಗಿ ಆವಿಯಾಗುವ ಮೇಲ್ಪದರದ ಹಿಮ ಮೊದಲೇ ಹಾರಿಹೋಗಿತ್ತು ಎಂಬುದು ಆಮೇಲಿನ ವಿವರಣೆ.

ಹೇಲ್-ಬಾಪ್ ಸಿಕ್ಕಾಗ ವಿಜ್ಞಾನಿಗಳು ಬಾಯಿ ಬಿಗಿ ಹಿಡಿದಿದ್ದು ಈ ಹಳೆಯ ಮುಖಭಂಗದಿಂದಲೇ. ಅದು 7 ಖಗೋಳಮಾನದಾಚೆ, ನೀರಿನ ಹಿಮ ಅಷ್ಟಾಗಿ ಆವಿಯಾಗದ ಚಳಿಯಲ್ಲೇ ಹೊಳೆಯುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದುದು ಕಾರ್ಬನ್ ಮಾನಾಕ್ಸೈಡ್. 1996ರ ಮಧ್ಯದಲ್ಲಿ ಹೊಳಪು ಏರುವ ವೇಗ ತಗ್ಗಿದಾಗ ಎಲ್ಲರಿಗೂ ಆತಂಕ. ಕೊನೆಗೆ ಅದು ಮಾತು ಉಳಿಸಿತು. ಸುಮಾರು 18 ತಿಂಗಳು ಬರಿಗಣ್ಣಿಗೆ ಕಂಡು 1811ರ ಮಹಾ ಧೂಮಕೇತುವಿನ ದಾಖಲೆಯನ್ನು ಮುರಿಯಿತು.

ಹೊಳಪು ಅಳೆಯುವ ಉಪಾಯ ಮನೆಯಲ್ಲೂ ಸಾಧ್ಯ. ನಕ್ಷತ್ರ ಚುಕ್ಕೆ, ಧೂಮಕೇತು ಮಬ್ಬು ಉಂಡೆ. ಎರಡನ್ನೂ ಹಾಗೆಯೇ ಹೋಲಿಸಲಾಗದು. ಆದ್ದರಿಂದ ಮೊದಲು ಬೈನಾಕ್ಯುಲರ್‌ನಲ್ಲಿ ಧೂಮಕೇತುವನ್ನು ಸ್ಪಷ್ಟವಾಗಿ ನೋಡಿ ಅದರ ಹೊಳಪನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬಳಿಕ ಫೋಕಸ್ ತಪ್ಪಿಸಿ ಅಕ್ಕಪಕ್ಕದ ನಕ್ಷತ್ರಗಳನ್ನು ಅಷ್ಟೇ ಗಾತ್ರದ ಮಬ್ಬು ಬಿಲ್ಲೆಗಳಾಗಿಸಬೇಕು. ಯಾವುದು ಸರಿಹೊಂದುತ್ತದೋ ಆ ನಕ್ಷತ್ರದ ಕಾಂತಿಮಾನವೇ ಧೂಮಕೇತುವಿನದೂ. ಈ ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ವಸ್ತು ಮಂಕು; ಐದು ಅಂಕಿಗೆ ನೂರು ಪಟ್ಟು ವ್ಯತ್ಯಾಸ. ಜಗತ್ತಿನ ಹವ್ಯಾಸಿಗಳು ಹೀಗೆ ಬರೆದಿಟ್ಟ ಅಂಕಿಗಳನ್ನು ವೃತ್ತಿನಿರತರೂ ಬಳಸುತ್ತಾರೆ.

1997ರಲ್ಲಿ ಹೇಲ್-ಬಾಪ್‌ನ ಕಾಂತಿಮಾನ ಮೈನಸ್ 1ರ ಆಸುಪಾಸಿನಲ್ಲಿತ್ತು. ಸಂಶೋಧಕರು ಅದನ್ನು ಬಿಡದೆ ಹಿಂಬಾಲಿಸಿದರು. 2007ರಲ್ಲಿ 25.7 ಖಗೋಳಮಾನ ದೂರದಲ್ಲೂ ಅದರ ತಲೆಯ ಸುತ್ತ ದೂಳಿನ ಮಬ್ಬಿತ್ತು. 2010ರ ಡಿಸೆಂಬರ್‌ನಲ್ಲಿ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಿಂದ ನೋಡಿದಾಗ ಮಬ್ಬು ಇರಲಿಲ್ಲ, ಬರಿಯ ಚುಕ್ಕೆ, ಕಾಂತಿಮಾನ 23.3. ಅಂದರೆ ವೈಭವದ ದಿನಗಳಿಗಿಂತ ಸುಮಾರು 500 ಕೋಟಿ ಪಟ್ಟು ಮಂಕು. ಎಲ್ಲಿರಬೇಕೆಂದು ಲೆಕ್ಕ ಹೇಳಿರದಿದ್ದರೆ ಅಸಂಖ್ಯ ಚುಕ್ಕೆಗಳ ನಡುವೆ ಅದನ್ನು ಹುಡುಕುವುದಾದರೂ ಹೇಗೆ?

ಈಗ ಅದಿರುವುದು ದಕ್ಷಿಣ ಧ್ರುವದ ಮೇಲಿನ ಆಕಾಶದಲ್ಲಿ. ಎಂಥ ದೂರದರ್ಶಕವಿದ್ದರೂ ನಮ್ಮ ಕರ್ನಾಟಕದಿಂದ ಕಾಣದು. ಅದು ನಮ್ಮ ದಿಗಂತದ ಕೆಳಗೇ ಉಳಿಯುತ್ತದೆ. ಮರಳಿ ಬರುವುದು ಕ್ರಿ.ಶ. 4385ರ ಸುಮಾರಿಗೆ. ಹೊಳಪು ಮಾತ್ರ ಕೊನೆಗೂ ತನ್ನ ಬುದ್ಧಿ ಬಿಡಲಿಲ್ಲ. ಚಟುವಟಿಕೆ ನಿಂತು ಹೆಪ್ಪುಗಟ್ಟಿದ ಮೇಲೂ ಅದು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬೆಳಗುತ್ತಿತ್ತು. ಹೊಮ್ಮಿದ ಹಿಮದ ಕಣಗಳು ಮರಳಿ ಅದರ ಮೇಲೆಯೇ ಬಿದ್ದು, ಇದ್ದಿಲಿನಂಥ ಕಪ್ಪು ಮೈಗೆ ತೆಳುವಾಗಿ ಬಿಳಿ ಬಳಿದಿರಬೇಕು ಎಂದು ಅದನ್ನು ನೋಡಿದವರ ತರ್ಕ.