ಕಣ್ಣು ಕಿರಿದು ಮಾಡಬೇಡಿ, ಅಕ್ಷರ ಹಿರಿದು ಮಾಡಿ

ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ಗೆ ಹೋಗಿ ನೋಡಿ. ಅರ್ಧದಷ್ಟು ಮಂದಿ ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿಕೊಂಡು ಕಪ್ಪು ಪರದೆಯನ್ನು ದಿಟ್ಟಿಸುತ್ತಿರುತ್ತಾರೆ. ಅದೇ ಟರ್ಮಿನಲ್. ಮೌಸ್ ಬಿಟ್ಟು ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಜಾಗ. ಬಿಇ ಇರಲಿ, ಬಿಸಿಎ ಇರಲಿ, ಲಿನಕ್ಸ್, ಗಿಟ್ ಕಲಿಯುವವರಿಗೆ ಇದರ ಸಹವಾಸ ತಪ್ಪಿದ್ದಲ್ಲ. ಆದರೆ ಅಲ್ಲಿನ ಅಕ್ಷರವನ್ನು ದೊಡ್ಡದು ಮಾಡಬಹುದು ಅಂತ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಹೊಳೆದರೂ ಸಂಕೋಚ. ಸಿನಿಮಾದ ಹ್ಯಾಕರ್‌ಗಳ ಪರದೆಯ ತುಂಬ ಸಣ್ಣ ಅಕ್ಷರವೇ ತಾನೆ! ದೊಡ್ಡದು ಮಾಡಿದರೆ ‘ಏನೇ, ಅಜ್ಜಿ ಆಗ್ಬಿಟ್ಯಾ?’ ಎಂಬ ಗೇಲಿ ಬೇರೆ.

ಕಥೆ, ಕಾದಂಬರಿ ಓದುವಾಗ ಒಂದಕ್ಷರ ಕಾಣದಿದ್ದರೆ ಅಂದಾಜಿನಲ್ಲಿ ಓದಬಹುದು. ಟರ್ಮಿನಲ್‌ನಲ್ಲಿ ಅಂದಾಜು ನಡೆಯಲ್ಲ. ಲಿನಕ್ಸ್‌ನಲ್ಲಿ ಫೈಲ್‌ಗಳ ವಿವರ ಬೇಕೆಂದರೆ ‘ಎಲ್‌ಎಸ್’ ಕಮಾಂಡ್ ಬರೆದು, ಜಾಗ ಬಿಟ್ಟು, ಹೈಫನ್ ಮತ್ತು ಸಣ್ಣ ‘ಎಲ್’ ಹಾಕಬೇಕು. ಆ ‘ಎಲ್’ ಬದಲು 1 ಹಾಕಿದರೆ ಎರರ್ ಬರುವುದಿಲ್ಲ. ಸಾಲಿಗೊಂದರಂತೆ ಬರೀ ಫೈಲ್ ಹೆಸರು ಬರುತ್ತದೆ. ತಪ್ಪು ಎಲ್ಲಾಯಿತು ಅಂತ ಹುಡುಕುತ್ತಾ ಕೂರಬೇಕು. ‘ಓ’ ಮತ್ತು ಸೊನ್ನೆ, ಕೋಲನ್ ಮತ್ತು ಸೆಮಿಕೋಲನ್ ಕಥೆಯೂ ಇಷ್ಟೇ.

ನಮ್ಮ ಕ್ಲಾಸಿನ ಗೆಳತಿಯೊಬ್ಬಳಿಗೆ ದಪ್ಪ ಕನ್ನಡಕ. ಮೊದಲ ಕೆಲವು ಲಿನಕ್ಸ್ ಲ್ಯಾಬ್‌ಗಳಲ್ಲಿ ‘ಇದು ನನ್ನ ತಲೆಗೆ ಹತ್ತಲ್ಲ ಕಣೇ, ಬೇರೆ ಬ್ರಾಂಚ್ ತಗೋಬೇಕಿತ್ತು’ ಎನ್ನುತ್ತಿದ್ದಳು. ಒಂದು ದಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದವರೇ ಏನೂ ಹೇಳದೆ ಅವಳ ಪರದೆಯ ಅಕ್ಷರವನ್ನು ದುಪ್ಪಟ್ಟು ಮಾಡಿ ಹೋದರು. ಆ ಸೆಮಿಸ್ಟರ್ ಲ್ಯಾಬ್ ಪರೀಕ್ಷೆಯಲ್ಲಿ ಅವಳು ನನಗಿಂತ ಮೊದಲೇ ಮುಗಿಸಿ ಎದ್ದಳು!

ಇದಕ್ಕೆ ಬೇಕಾಗುವುದು ಅರ್ಧ ನಿಮಿಷ. ಉಬುಂಟುವಿನ ಗ್ನೋಮ್ ಟರ್ಮಿನಲ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪ್ಲಸ್ ಮೂರನ್ನೂ ಒಟ್ಟಿಗೆ ಒತ್ತಿ, ಅಕ್ಷರ ಹಿಗ್ಗುತ್ತದೆ. ಕಂಟ್ರೋಲ್ ಜೊತೆ ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಬದಲಾವಣೆ ಕಾಯಂ ಆಗಬೇಕೆಂದರೆ ಪ್ರಿಫರೆನ್ಸಸ್‌ಗೆ ಹೋಗಿ, ನಿಮ್ಮ ಪ್ರೊಫೈಲ್‌ನಲ್ಲಿ ಕಸ್ಟಮ್ ಫಾಂಟ್‌ಗೆ ಟಿಕ್ ಹಾಕಿ 16 ಅಥವಾ 18 ಇಡಿ. ವಿಂಡೋಸ್ 10 ಮತ್ತು 11ರಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ಸಾಕು. ವಿಂಡೋಸ್ 10ರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಯಂ ಮಾಡಲು ಮೇಲಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಫಾಂಟ್ ಆರಿಸಿ. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಪ್ಲಸ್.

ಗಾತ್ರದಷ್ಟೇ ಫಾಂಟ್ ಕೂಡ ಮುಖ್ಯ. ಟರ್ಮಿನಲ್‌ಗೆ ಎಲ್ಲ ಅಕ್ಷರಗಳೂ ಒಂದೇ ಅಗಲ ಇರುವ ಮೋನೊ ಫಾಂಟ್ ಬೇಕು. ಇಲ್ಲದಿದ್ದರೆ ಸಾಲುಗಳು ಅಂಕುಡೊಂಕಾಗುತ್ತವೆ. ಕ್ಯಾಸ್ಕೇಡಿಯಾ ಮೋನೊ, ಜೆಟ್‌ಬ್ರೇನ್ಸ್ ಮೋನೊ ಎರಡೂ ಉಚಿತ. ಇವುಗಳಲ್ಲಿ ಸೊನ್ನೆಯೊಳಗೆ ಗುರುತು ಇರುವುದರಿಂದ ‘ಓ’ ಜೊತೆ ಗೊಂದಲವಾಗಲ್ಲ. ಬಣ್ಣವನ್ನೂ ಗಮನಿಸಿ. ಕಪ್ಪಿನ ಮೇಲೆ ಕಡು ನೀಲಿ ಓದುವುದು ಯಾರಿಗಾದರೂ ಕಷ್ಟ. ಮೈಕ್ರೋಸಾಫ್ಟ್ ಕೂಡ 2017ರಲ್ಲಿ ತನ್ನ ಕನ್ಸೋಲ್‌ನ ಹಳೆಯ ಬಣ್ಣಗಳನ್ನು ಬದಲಿಸಿತು.

‘ದೊಡ್ಡದು ಮಾಡಿದ್ರೆ ಪರದೆ ಮೇಲೆ ಏನೂ ಹಿಡಿಯಲ್ಲ’ ಎನ್ನುವವರಿದ್ದಾರೆ. 1978ರಲ್ಲಿ ಬಂದ ವಿಟಿ100 ಎಂಬ ಪ್ರಸಿದ್ಧ ಟರ್ಮಿನಲ್‌ನಲ್ಲಿ ಕಾಣುತ್ತಿದ್ದದ್ದು 24 ಸಾಲು, ಸಾಲಿಗೆ 80 ಅಕ್ಷರ. ಆ 80ರ ಲೆಕ್ಕ 1928ರ ಐಬಿಎಂ ಪಂಚ್ ಕಾರ್ಡ್ ಕಾಲದ್ದು. ಇಂದಿಗೂ ಬಹಳಷ್ಟು ಟರ್ಮಿನಲ್‌ಗಳು ತೆರೆದುಕೊಳ್ಳುವುದು ಇದೇ ಅಳತೆಯಲ್ಲಿ. ಹಾಗಾಗಿ ಕಿಟಕಿಯನ್ನು ಪೂರ್ತಿ ಪರದೆಗೆ ಹರಡಿ, ಸಾಲಿಗೆ 80 ಅಕ್ಷರ ಹಿಡಿಯುವಷ್ಟರ ಮಟ್ಟಿಗೆ ಧೈರ್ಯವಾಗಿ ಹಿಗ್ಗಿಸಿ.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ಆನ್‌ಲೈನ್ ಸಂದರ್ಶನದಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ನಿಮ್ಮ ಪರದೆ ಎದುರಿನವರಿಗೆ ಚಿಕ್ಕದಾಗಿ, ಮಸುಕಾಗಿ ಕಾಣಬಹುದು. ಕೋಡ್ ಎಷ್ಟೇ ಚೆನ್ನಾಗಿದ್ದರೂ ಓದಲಾಗದಿದ್ದರೆ ಏನು ಬಂತು? ಶೇರ್ ಮಾಡುವ ಮುನ್ನವೇ ಅಕ್ಷರ ಹಿಗ್ಗಿಸಿಕೊಳ್ಳಿ. ಸೆಮಿನಾರ್‌ನಲ್ಲಾದರೆ ‘ಲಾಸ್ಟ್ ಬೆಂಚಿಗೆ ಕಾಣ್ತಿದ್ಯಾ?’ ಅಂತ ಒಂದು ಮಾತು ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ ಮಂಜು ಮಂಜಾಗಿ ಕಂಡರೆ ಸೆಟ್ಟಿಂಗ್ಸ್ ಬಿಡಿ, ಒಮ್ಮೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬನ್ನಿ.