“ಆರಾಮಾಗಿದ್ದೀಯಾ?” ಎಂದು ಮಕ್ಕಳನ್ನು ಕೇಳಬೇಡಿ

ಪ್ರತಿ ವರ್ಷ ಮಗಳ ಹೈಸ್ಕೂಲಿನಿಂದ ಒಂದು ಹಾಳೆ ಬರುತ್ತದೆ. ಅದಕ್ಕೆ ಅವಳೂ ನಾನೂ ಸಹಿ ಹಾಕದಿದ್ದರೆ ಸಾಕರ್ ತಂಡದ ಅಭ್ಯಾಸಕ್ಕೆ ಸೇರಿಸಿಕೊಳ್ಳುವುದಿಲ್ಲ. ತಲೆಗೆ ಪೆಟ್ಟು ಬಿದ್ದು ಕನ್ಕಷನ್ ಆದರೆ ಏನೇನು ಲಕ್ಷಣ ಕಾಣುತ್ತದೆ, ಯಾರು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಈ ಹಾಳೆ ಹುಟ್ಟಿದ್ದು ಇದೇ ರಾಜ್ಯದ ಮೇಪಲ್ ವ್ಯಾಲಿಯ ಹುಡುಗನೊಬ್ಬನಿಂದ.

ಝ್ಯಾಕರಿ ಲೈಸ್ಟೆಡ್‌ಗೆ ಆಗ 13 ವರ್ಷ. 2006ರ ಅಕ್ಟೋಬರಿನಲ್ಲಿ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಹೊರಗೆ ಕೂತ. ದ್ವಿತೀಯಾರ್ಧಕ್ಕೆ ಮತ್ತೆ ಇಳಿದ. ಪಂದ್ಯ ಮುಗಿದ ಮೇಲೆ ಕುಸಿದುಬಿದ್ದ. ಹೆಲಿಕಾಪ್ಟರಿನಲ್ಲಿ ಸಿಯಾಟಲ್ಲಿಗೆ ಸಾಗಿಸಿ, ಊದಿಕೊಂಡ ಮಿದುಳಿಗೆ ಜಾಗ ಮಾಡಿಕೊಡಲು ತಲೆಬುರುಡೆಯ ಎರಡೂ ಬದಿಯನ್ನು ತೆರೆದರು. ಅವನು ಮತ್ತೆ ಒಂದು ಮಾತಾಡಲು ಒಂಬತ್ತು ತಿಂಗಳು ಹಿಡಿಯಿತು. ಅಪ್ಪ ಅಮ್ಮ ಹೋರಾಡಿದರು, ವೈದ್ಯರು ಜೊತೆ ನಿಂತರು. 2009ರ ಮೇ ತಿಂಗಳಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನುಗಳಿದ್ದವು.

ಕಾನೂನು ಹೇಳುವುದು ಇಷ್ಟೇ: ಅನುಮಾನ ಬಂದ ಕೂಡಲೇ ಮಗು ಮೈದಾನದಿಂದ ಹೊರಗೆ. ಈ ವಿಷಯದಲ್ಲಿ ತರಬೇತಿ ಇರುವ ವೈದ್ಯಕೀಯ ತಜ್ಞರು ಬರೆದುಕೊಡುವ ತನಕ ವಾಪಸ್ಸಿಲ್ಲ. ಆಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಗಳಿಗೆಯ ಬಿಸಿಯಲ್ಲಿ ಮಗುವಿಗೂ ಕೋಚಿಗೂ ನಮಗೂ ಬಿಡದಿರುವುದೇ ಅದರ ಜೀವಾಳ ಎಂದು ನನಗೆ ಅನ್ನಿಸುತ್ತದೆ. ಮಂಡಿಗೆ ಪೆಟ್ಟಾದರೆ ಮಿದುಳು ಹೇಳುತ್ತದೆ. ಪೆಟ್ಟು ಮಿದುಳಿಗೇ ಆದಾಗ “ಆರಾಮಾಗಿದ್ದೀಯಾ?” ಎಂದು ಕೇಳಿದರೆ ಉತ್ತರ ಕೊಡುವುದು ಯಾರು?

ಓಡುತ್ತಿರುವ ಬಸ್ಸಿಗೆ ಗಕ್ಕನೆ ಬ್ರೇಕ್ ಬಿದ್ದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವಂತೆ, ಕನ್ಕಷನ್ ಆಗುವಾಗ ತಲೆ ನಿಂತರೂ ಒಳಗಿನ ಮೆತ್ತನೆಯ ಮಿದುಳು ಚಲಿಸುತ್ತದೆ, ತಿರುಚಿಕೊಳ್ಳುತ್ತದೆ. ನರಕೋಶಗಳ ಒಳಗಿನ ಲವಣಗಳ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತಪೂರೈಕೆ ತಗ್ಗಿರುತ್ತದೆ. ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಈ ಏರುಪೇರು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ “ಸ್ಕ್ಯಾನ್ ನಾರ್ಮಲ್ ಬಂತು, ನಾಳೆಯಿಂದ ಆಡಬಹುದು” ಎಂಬ ಮಾತು ತಪ್ಪು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬುದೂ ತಪ್ಪು; ಬಹುಪಾಲು ಮಕ್ಕಳಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಅಲುಗಾಟವನ್ನು ನಿಲ್ಲಿಸಲಾರದು. ಗುಣವಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪರೂಪಕ್ಕೆ ಮಿದುಳು ಊದಿಕೊಂಡು ಪ್ರಾಣಕ್ಕೇ ಬರುತ್ತದೆ. ಹೀಗಾಗುವುದು ಹೆಚ್ಚಾಗಿ ಹದಿಹರೆಯದವರಿಗೆ.

ಮಗಳ ಸರದಿ ಬಂದದ್ದು ಹತ್ತನೇ ತರಗತಿಯಲ್ಲಿ. ಮಳೆಯಲ್ಲಿ ಮ್ಯಾಚ್, ಚೆಂಡಿಗೆ ಎಗರಿದ ಇಬ್ಬರು ಹುಡುಗಿಯರ ತಲೆಗಳು ಢೀ ಹೊಡೆದವು. ಇವಳು ಎದ್ದಳು, ನಕ್ಕಳು, “ಐ ಆಮ್ ಫೈನ್” ಎಂದಳು. ಶಾಲೆಯ ಅಥ್ಲೆಟಿಕ್ ಟ್ರೈನರ್ ಅವಳ ತೋಳು ಹಿಡಿದು ಹೊರಗೆ ಕರೆತಂದರು. ಬೆಂಚಿನ ಮೇಲೆ ಕೂತು ಸ್ಕೋರ್ ಎಷ್ಟು ಎಂದಳು. ಹೇಳಿದೆ. ಎರಡು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಮತ್ತೆ ಕೇಳಿದಳು.

ಆ ರಾತ್ರಿ ಚನ್ನರಾಯಪಟ್ಟಣದಿಂದ ವಿಡಿಯೋ ಕಾಲಿನಲ್ಲಿ ಅಮ್ಮ, “ನಿದ್ದೆ ಮಾಡೋಕೆ ಮಾತ್ರ ಬಿಡಬೇಡ ಕಣೇ” ಎಂದರು. ನಮ್ಮಲ್ಲಿ ಎಲ್ಲರೂ ನಂಬುವ ಮಾತು. ವೈದ್ಯರು ನೋಡಿ, ಅಪಾಯದ ಲಕ್ಷಣವಿಲ್ಲ ಎಂದಾದರೆ ನಿದ್ದೆ ಒಳ್ಳೆಯದೇ. ತಲೆನೋವು ಏರುತ್ತಲೇ ಇದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ಈಗ ವೈದ್ಯರು ಕೈಬಿಟ್ಟಿದ್ದಾರೆ. ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ. ಆಮೇಲೆ ನಿಧಾನ ನಡಿಗೆ. ಮಗಳಿಗೆ ತರಗತಿಯ ದೀಪದ ಬೆಳಕು ಚುಚ್ಚುತ್ತಿತ್ತು, ಲೆಕ್ಕದ ಪುಸ್ತಕದ ಸಾಲುಗಳು ತಲೆಗೆ ಹತ್ತುತ್ತಿರಲಿಲ್ಲ. ಮೊದಲು ಅರ್ಧ ದಿನ ಶಾಲೆ, ನಂತರ ಪೂರ್ತಿ. ಆಟಕ್ಕೆ ಮರಳಲು ಆರು ಮೆಟ್ಟಿಲು. ಒಂದೊಂದಕ್ಕೂ ಕನಿಷ್ಠ 24 ಗಂಟೆ. ತಲೆನೋವು ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಟೂರ್ನಮೆಂಟ್ ತಪ್ಪಿತೆಂದು ಅತ್ತಳು. ಅಳಲಿ ಎಂದು ಬಿಟ್ಟೆ.

ಕ್ರಿಕೆಟ್ ನೋಡುವವರಿಗೆ 2019ರ ಲಾರ್ಡ್ಸ್ ಟೆಸ್ಟ್ ನೆನಪಿರಬಹುದು. ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಪರೀಕ್ಷೆಗಳಲ್ಲಿ ಪಾಸಾಗಿ ಅವತ್ತೇ ಮತ್ತೆ ಬ್ಯಾಟ್ ಹಿಡಿದರು. ಲಕ್ಷಣಗಳು ಕಾಣಿಸಿಕೊಂಡದ್ದು ಮಾರನೇ ದಿನ. ಅವರ ಬದಲು ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರ. ವೈದ್ಯರ ತಂಡ ಪಕ್ಕದಲ್ಲೇ ಇದ್ದ ಸ್ಮಿತ್‌ಗೇ ಹೀಗಾದರೆ, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ಆಡುವ ಹುಡುಗನ ಗತಿ?

ನನ್ನ ಅಣ್ಣನ ಮಗ ಅಂಥ ಹುಡುಗ. ರೈಡರನ್ನು ಹಿಡಿಯುವಾಗ ಮಂಡಿ ತಲೆಗೆ ಬಡಿಯುವುದು, ಮುಖಕ್ಕೆ ನೀರು ಎರಚಿ ಎಬ್ಬಿಸುವುದು, “ಏನಿಲ್ಲ ಸಾರ್” ಎಂದು ಅವನು ಮತ್ತೆ ಅಂಕಣಕ್ಕೆ ಇಳಿಯುವುದು ನಮ್ಮಲ್ಲಿ ಮಾಮೂಲು. ಅಣ್ಣನಿಗೆ ಕೆಲವು ಪ್ರಶ್ನೆ ಬರೆದು ಕಳಿಸಿದೆ, ಪಿ.ಟಿ. ಮೇಷ್ಟ್ರ ಜೇಬಿನಲ್ಲಿರಲಿ ಎಂದು. ಇವತ್ತು ಯಾವ ಊರಿನಲ್ಲಿ ಆಡುತ್ತಿದ್ದೀರಿ? ಇದು ಮೊದಲರ್ಧವೋ, ಎರಡನೆಯದೋ? ಕೊನೆಯ ಪಾಯಿಂಟ್ ತಂದವರು ಯಾರು? ಹಿಂದಿನ ಮ್ಯಾಚ್ ಯಾರ ಮೇಲೆ, ಗೆದ್ದಿರಾ? ಒಂದಕ್ಕೆ ತಡವರಿಸಿದರೂ ಆಟ ಸಾಕು. ಎಲ್ಲಕ್ಕೂ ಸರಿ ಉತ್ತರ ಬಂದರೂ, ತಲೆಗೆ ಜೋರಾಗಿ ಬಡಿದು ಹುಡುಗ ತತ್ತರಿಸಿದ್ದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರೆ ಅವತ್ತಿಗೆ ಆಟ ಸಾಕು, ಫೈನಲ್ ಆದರೂ ಸರಿ.