ಮನಸ್ಸಿಗೆ ಬಂದದ್ದೆಲ್ಲ ಸತ್ಯವಲ್ಲ

ಶರೀರಕ್ಕೆ ಜ್ವರ ಬಂದರೆ ನಾವು ಕೂಡಲೇ ವೈದ್ಯರಲ್ಲಿಗೆ ಹೋಗುತ್ತೇವೆ. ಮನಸ್ಸು ಕುಗ್ಗಿದರೆ ಮಾತ್ರ ‘ತಾನಾಗಿಯೇ ಸರಿಹೋದೀತು’ ಎಂದು ಸುಮ್ಮನಿರುತ್ತೇವೆ. ‘ಶ್ರದ್ಧೆ ಕಡಿಮೆಯಾದ್ದರಿಂದ ಹೀಗಾಯಿತು’ ಎಂದು ತಮ್ಮನ್ನೇ ಹಳಿದುಕೊಳ್ಳುವ ಭಕ್ತರೂ ನಮ್ಮಲ್ಲಿದ್ದಾರೆ. ಈ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ನಕಾರಾತ್ಮಕ ಆಲೋಚನೆ ಎಲ್ಲರಿಗೂ ಬರುತ್ತದೆ. ಅದು ಭಕ್ತಿಯ ಕೊರತೆಯೂ ಅಲ್ಲ, ಪಾಪದ ಫಲವೂ ಅಲ್ಲ.

ಕೃಷ್ಣಾ ತೀರದ ಕೊಲ್ಹಾರದ ಜನರಿಗೆ ಚಿಂತೆಯೆಂಬುದು ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ನೀರು ನಿಂತಾಗ ಹಳೆಯ ಕೊಲ್ಹಾರ ಹಿನ್ನೀರಿನ ಪಾಲಾಗಿ, ಎತ್ತರದ ನೆಲದಲ್ಲಿ ಹೊಸ ಊರು ನೆಲೆಗೊಂಡಿತು. ಹುಟ್ಟಿದ ಮನೆ, ಉತ್ತ ಹೊಲ, ಕೂತು ಮಾತಾಡಿದ ಕಟ್ಟೆ ಕಣ್ಣೆದುರೇ ಮುಳುಗಿದಾಗ ಮನಸ್ಸು ನೊಂದದ್ದು ಸಹಜವಾದ ದುಃಖ. ಅದನ್ನು ರೋಗವೆನ್ನಲಾಗದು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಹಿನ್ನೀರಿನ ಹಳ್ಳಿಗಳಲ್ಲಿ ‘ಮುಂದೇನು?’ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಈ ಚಿಂತೆಗೆ ಕಾರಣವಿದೆ. ಆದರೆ ಕಾರಣವಿರುವ ಚಿಂತೆಯೂ ಹಗಲಿರುಳು ಸುತ್ತತೊಡಗಿದರೆ ಆರೋಗ್ಯವನ್ನು ಕೆಡಿಸುತ್ತದೆ.

ಅಪಾಯದ ಕಲ್ಪನೆ ಬಂದೊಡನೆ ಶರೀರವು ಹೋರಾಟಕ್ಕೆ ಅಣಿಯಾಗುತ್ತದೆ. ಅಡ್ರಿನಾಲಿನ್, ಕಾರ್ಟಿಸೋಲ್ ಎಂಬ ಸ್ರಾವಗಳು ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ. ಎದುರಿಗೆ ಹಾವಿದ್ದರೆ ಇದು ಉಪಕಾರಿ. ಬರಿಯ ಯೋಚನೆಗೇ ಶರೀರ ದಿನವೂ ಹೀಗೆ ವರ್ತಿಸಿದರೆ ನಿದ್ರೆ, ಹಸಿವು, ರಕ್ತದೊತ್ತಡ ಮೂರೂ ಏರುಪೇರಾಗುತ್ತವೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಘಟನೆಗಿಂತ, ಆ ಘಟನೆಗೆ ಮನಸ್ಸು ಕೊಡುವ ಅರ್ಥವೇ ಹೆಚ್ಚು ನೋಯಿಸುತ್ತದೆ. ಈರುಳ್ಳಿ ದರ ಕುಸಿಯಿತು ಎಂಬುದು ಘಟನೆ. ‘ನನ್ನಿಂದ ಏನೂ ಆಗದು’ ಎಂಬುದು ಮನಸ್ಸು ಕೊಟ್ಟ ಅರ್ಥ. ಒಂದು ಸೋಲನ್ನು ಇಡೀ ಬಾಳಿನ ಸೋಲೆಂದು ಬಗೆಯುವುದು, ಪರರು ನಮ್ಮನ್ನು ಹೀನವಾಗಿ ಕಾಣುತ್ತಾರೆಂದು ಕೇಳದೆಯೇ ತೀರ್ಮಾನಿಸುವುದು, ನಾಳೆ ಕೇಡೇ ಆಗುವುದೆಂದು ನಿಶ್ಚಯಿಸುವುದು, ಒಳಿತನ್ನು ಲೆಕ್ಕಕ್ಕೇ ಹಿಡಿಯದಿರುವುದು: ಇವು ಮನಸ್ಸು ಮತ್ತೆ ಮತ್ತೆ ಬೀಳುವ ಕುಣಿಗಳು.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದು, ಯೋಚನೆಯನ್ನು ಬಲವಂತದಿಂದ ತಡೆಯಬಾರದು. ಒತ್ತಿದಷ್ಟೂ ಅದು ಮರಳಿ ಬರುತ್ತದೆ. ‘ಇದು ನನಗೆ ಬಂದಿರುವ ಒಂದು ಯೋಚನೆ’ ಎಂದು ಗುರುತಿಸಿದರೆ ಅದರ ಬಿಗಿ ಸಡಿಲಾಗುತ್ತದೆ.

ಎರಡನೆಯದು, ಅದನ್ನು ಹಾಳೆಯ ಮೇಲೆ ಬರೆದು ಪ್ರಶ್ನಿಸಬೇಕು. ಇದಕ್ಕೆ ಆಧಾರವೇನು? ಇದೇ ಮಾತನ್ನು ನನ್ನ ತಮ್ಮನೋ ತಂಗಿಯೋ ಹೇಳಿದ್ದರೆ ನಾನೇನು ಉತ್ತರ ಕೊಡುತ್ತಿದ್ದೆ?

ಮೂರನೆಯದು, ಈ ಚಿಂತೆಗೆ ಇಂದು ಮಾಡಬಹುದಾದ ಕೆಲಸವಿದೆಯೇ ಎಂದು ನೋಡಬೇಕು. ಪರಿಹಾರದ ಕಾಗದಪತ್ರ ಬಾಕಿಯಿದ್ದರೆ ಅವನ್ನು ಜೋಡಿಸಿಕೊಂಡು ಕಚೇರಿಗೆ ಹೋಗುವುದು ಕೆಲಸ. ರಾತ್ರಿಯೆಲ್ಲ ಹೊರಳಾಡುವುದು ಕೆಲಸವಲ್ಲ.

ನಾಲ್ಕನೆಯದು, ಕಾಯಕವನ್ನು ಬಿಡಬಾರದು. ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಎಂದರೆ ಏಳುವುದೇ ಆಗದು. ಸಣ್ಣ ಕೆಲಸದಿಂದ ಆರಂಭಿಸಿದರೆ ಮನಸ್ಸು ಅದರ ಹಿಂದೆ ಬರುತ್ತದೆ. ದಾಸೋಹದ ಸೇವೆ, ನಾಲ್ಕು ಜನರೊಡನೆ ಮಾತು, ಬೆಳಗಿನ ನಡಿಗೆ ಇವೂ ಔಷಧಿಗಳೇ.

ಐದನೆಯದು, ಉಸಿರು. ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಬಿಡುವ ಉಸಿರು ಎದೆಬಡಿತವನ್ನು ತಗ್ಗಿಸುತ್ತದೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿ ನಿಲ್ಲಿಸುವಾಗ ಮನಸ್ಸು ಅತ್ತಿತ್ತ ಹರಿದರೆ, ಸಿಡುಕದೆ ಮೆಲ್ಲನೆ ಮರಳಿ ತರುತ್ತೇವಲ್ಲವೇ? ಆ ಅಭ್ಯಾಸವೇ ಸಂಸಾರದ ನಡುವೆಯೂ ನೆರವಿಗೆ ಬರುತ್ತದೆ.

ಇಷ್ಟಾದರೂ ಎರಡು ವಾರಕ್ಕೂ ಮಿಕ್ಕಿ ಬೇಸರ ಹೋಗದಿದ್ದರೆ, ನಿದ್ರೆ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು. ಪೂಜೆ ಔಷಧಿಗೆ ಅಡ್ಡಿಯಲ್ಲ, ಔಷಧಿ ಪೂಜೆಗೆ ಅಡ್ಡಿಯಲ್ಲ. ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆದು, 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಹಗಲಿರುಳು ಯಾವ ಹೊತ್ತಿನಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು.

ಮನೆಯಲ್ಲಿ ಯಾರಾದರೂ ‘ಬದುಕಿ ಏನು ಪ್ರಯೋಜನ’ ಎಂದರೆ ಅದನ್ನು ಹಗುರಾಗಿ ತಿಳಿಯಬಾರದು. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಪ್ರೀತಿಯಿಂದ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಕೇಳಿದ್ದರಿಂದ ಅವರ ಭಾರ ಇಳಿಯುತ್ತದೆ. ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಬೇಕು. ಅವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಕೈಗೆ ಸಿಗದಂತೆ ಬೀಗದೊಳಗಿಟ್ಟು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆ ಗಳಿಗೆ ಕಳೆದರೆ ಜೀವ ಉಳಿಯುತ್ತದೆ.

ಕೂಡಲಸಂಗಮಕ್ಕೆ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಮುಳುಗಗೊಡದೆ ಸುತ್ತಲೂ ಗೋಡೆ ಕಟ್ಟಿ ಕಾಪಾಡಿದರು. ಇಂದಿಗೂ ನಾವು ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಸುತ್ತಲಿನ ನೀರನ್ನು ಯಾರೂ ಹೊರದೂಡಲಿಲ್ಲ, ಒಳಗಿರುವುದನ್ನು ಉಳಿಸಿಕೊಂಡರು. ಕಷ್ಟಗಳ ನಡುವೆ ಮನಸ್ಸನ್ನು ಉಳಿಸಿಕೊಳ್ಳುವ ಬಗೆಯೂ ಅದೇ. ಆ ಗೋಡೆಯನ್ನು ಒಬ್ಬರೇ ಕಟ್ಟಲಾಗದು. ಮನೆಯವರು, ನೆರೆಯವರು, ವೈದ್ಯರು, ಮಠ ಎಲ್ಲರೂ ಕೈಗೂಡಿಸೋಣ.